ಝೆರಾಕ್ಸ್ ಅಂಗಡಿಯಲ್ಲಿ ಉಳಿದ ಪೆನ್‌ಡ್ರೈವ್: ಲಿನಕ್ಸ್ ಫೋನೊಂದನ್ನು ಬೀಗದ ಪೆಟ್ಟಿಗೆ ಮಾಡಿಕೊಂಡ ಪ್ರಕರಣ

ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಮನೆಯೊಳಗಿನ ಹಿಂಸೆಗೆ ಸಿಕ್ಕ ಹೆಣ್ಣುಮಕ್ಕಳಿಗೆ ನೆರವಾಗುವ ಸಣ್ಣ ಸಂಸ್ಥೆ ಇದೆ. ಐದೇ ಜನ. ಅವರಲ್ಲಿ ಊರೂರು ಸುತ್ತುವ ಆಪ್ತ ಸಮಾಲೋಚಕಿಯನ್ನು ಎಲ್ಲರೂ ‘ಅಕ್ಕ’ ಅಂತಲೇ ಕರೆಯುತ್ತಾರೆ. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಸಂಸ್ಥೆಯ ಹೆಸರು, ಊರು, ತಿಂಗಳು ಯಾವುದನ್ನೂ ಬರೆದಿಲ್ಲ. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ತಾಂತ್ರಿಕ ಭಾಗ ಮಾತ್ರ ನಡೆದದ್ದು ನಡೆದ ಹಾಗೆ ಇದೆ. ಆ ಸಂಸ್ಥೆಯ ಕಂಪ್ಯೂಟರ್ ಕೆಲಸವನ್ನು ನಾನು ಆಗಾಗ ನೋಡಿಕೊಡುತ್ತೇನೆ.

ಅಕ್ಕನ ಹತ್ತಿರ ಇರುತ್ತಿದ್ದ ಕಡತಗಳು ಎಂಥವು ಅನ್ನುವುದು ಮೊದಲು ಗೊತ್ತಿರಬೇಕು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ತುಂಬುವ ಘಟನೆ ವರದಿಗಳು. ಗಾಯದ ಫೋಟೋಗಳು. ಹೆಣ್ಣುಮಕ್ಕಳು ತಮ್ಮ ಮಾತಲ್ಲೇ ಹೇಳಿಕೊಂಡ ಧ್ವನಿಮುದ್ರಣಗಳು. ಎಫ್‌ಐಆರ್ ಪ್ರತಿಗಳು. ಕೆಲವರು ಈಗ ಎಲ್ಲಿ ಉಳಿದುಕೊಂಡಿದ್ದಾರೆ ಅನ್ನುವ ವಿಳಾಸ. ಎಲ್ಲ ಸೇರಿ ಸುಮಾರು 40 ಜಿಬಿ. ಇದೆಲ್ಲ ಒಂದು ಪೆನ್‌ಡ್ರೈವ್‌ನಲ್ಲಿ, ಆ ಪೆನ್‌ಡ್ರೈವ್ ಅಕ್ಕನ ಪರ್ಸಿನಲ್ಲಿ, ಚಿಲ್ಲರೆ ಕಾಸಿನ ಜೊತೆ.

ಒಂದು ಮಧ್ಯಾಹ್ನ ಕೋರ್ಟ್ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಎರಡು ಪುಟ ಪ್ರಿಂಟ್ ತೆಗೆಸಿದ ಅಕ್ಕ, ಪೆನ್‌ಡ್ರೈವ್ ಅಲ್ಲೇ ಮರೆತು ಬಂದರು. ಮರುದಿನ ಹೋದಾಗ ಅಂಗಡಿಯ ಹುಡುಗ ಅದನ್ನು ಜೋಪಾನವಾಗಿ ಎತ್ತಿಟ್ಟಿದ್ದ. ಕೈಗೆ ಕೊಡುತ್ತಾ ಹೇಳಿದ: ‘ಯಾರದು ಅಂತ ನೋಡಾಕ ತೆರೆದಿದ್ದೆ ರೀ. ನಮ್ಮ ಓಣಿಯಾಕಿ ಫೋಟೋ ಐತಲ್ರಿ ಇದರಾಗ. ಏನಾಗೈತ್ರಿ ಆಕಿಗೆ?’

ಆ ಹುಡುಗನದು ಕೆಟ್ಟ ಮನಸ್ಸಲ್ಲ. ಆದರೆ ಆ ಹೆಣ್ಣುಮಗಳು ಗಂಡನ ಮನೆಗೆ ಗೊತ್ತಾಗದ ಹಾಗೆ ದೂರು ಕೊಡಲು ತಯಾರಾಗುತ್ತಿದ್ದಳು. ಅಕ್ಕ ಅಂದು ರಾತ್ರಿ ನನಗೆ ಫೋನ್ ಮಾಡಿದರು. ಬಹಳ ಹೊತ್ತು ಮಾತೇ ಆಡಲಿಲ್ಲ.

ಸುಲಭದ ದಾರಿಗಳು ಯಾಕೆ ಸಾಲಲಿಲ್ಲ

ಪೆನ್‌ಡ್ರೈವ್‌ಗೆ ಪಾಸ್‌ವರ್ಡ್ ಹಾಕಿದರೆ ಮುಗಿಯಿತಲ್ಲ ಅಂತ ನಿಮಗೆ ಅನ್ನಿಸಬಹುದು. ನನಗೂ ಮೊದಲು ಅದೇ ಹೊಳೆದದ್ದು. ವೆರಾಕ್ರಿಪ್ಟ್ ಡಿಸ್ಕಿಗೆ ಬೀಗ ಹಾಕುವ ಒಳ್ಳೆಯ ಸಾಧನ, ಉಚಿತ, ಮೂಲ ಸಂಕೇತವೂ ತೆರೆದೇ ಇದೆ. ಆದರೆ ಬೇರೆಯವರ ವಿಂಡೋಸ್ ಕಂಪ್ಯೂಟರಿನಲ್ಲಿ ಅದು ಓಡಬೇಕಾದರೆ ಅಡ್ಮಿನ್ ಹಕ್ಕು ಬೇಕು. ಸರ್ಕಾರಿ ಕಚೇರಿಯ ಕಂಪ್ಯೂಟರಿನಲ್ಲಿ, ಝೆರಾಕ್ಸ್ ಅಂಗಡಿಯಲ್ಲಿ ಅದನ್ನು ಯಾರು ಕೊಡುತ್ತಾರೆ? ವಿಂಡೋಸ್‌ನದೇ ಬೀಗವಾದ ಬಿಟ್‌ಲಾಕರ್ ಹಾಕಿದ ಪೆನ್‌ಡ್ರೈವ್ ಅಲ್ಲಿ ತೆರೆಯುತ್ತದೆ, ನಿಜ. ಆದರೆ ಪಾಸ್‌ವರ್ಡ್ ಒತ್ತಬೇಕಾದದ್ದು ಅದೇ ಅಪರಿಚಿತ ಕೀಬೋರ್ಡಿನಲ್ಲಿ. ಒಮ್ಮೆ ತೆರೆದರೆ 40 ಜಿಬಿಯೂ ಆ ಯಂತ್ರದ ಮುಂದೆ ಬಿಚ್ಚಿಕೊಳ್ಳುತ್ತದೆ.

ಸಾಮಾನ್ಯ ಆಂಡ್ರಾಯ್ಡ್ ಫೋನ್? ಅದರ ಒಳಗಿನ ಸಂಗ್ರಹ ಈಗೆಲ್ಲ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಬೀಗ ಹಾಕಿಕೊಂಡೇ, ಇರುತ್ತದೆ. ಆದರೆ ಕಂಪ್ಯೂಟರಿಗೆ ಸಿಕ್ಕಿಸಿದಾಗ ಅದು ಪೆನ್‌ಡ್ರೈವ್ ಹಾಗೆ ಕಾಣಿಸುವುದಿಲ್ಲ, ಎಂಟಿಪಿ ಅನ್ನುವ ಬೇರೆ ವಿಧಾನದಲ್ಲಿ ಮಾತಾಡುತ್ತದೆ. ಪ್ರಿಂಟರಿನ ಯುಎಸ್‌ಬಿ ತೂತಿಗೆ ಸಿಕ್ಕಿಸಿದರೆ ಏನೂ ಆಗುವುದಿಲ್ಲ. ಅದಕ್ಕಿಂತ ದೊಡ್ಡ ಮಾತು, ಅಕ್ಕನ ಫೋನ್ ಅಕ್ಕ ಒಬ್ಬರದಲ್ಲ. ಮಗ ಗೇಮ್ ಆಡುತ್ತಾನೆ, ಮನೆಯವರು ಪೇಮೆಂಟ್ ಮಾಡುತ್ತಾರೆ. ಅಲ್ಲಿ ಈ ಕಡತಗಳಿಗೆ ಜಾಗ ಇಲ್ಲ.

ನನ್ನ ಕಪಾಟಿನಲ್ಲಿ ಒಂದು ಪೈನ್‌ಫೋನ್ ಇತ್ತು. ಪೈನ್64 ಅನ್ನುವವರು 2020ರಲ್ಲಿ ಕಳಿಸಲು ಶುರು ಮಾಡಿದ ಲಿನಕ್ಸ್ ಫೋನ್, ಅಂದರೆ ಆಂಡ್ರಾಯ್ಡ್ ಬದಲು ಕಂಪ್ಯೂಟರಿನಲ್ಲಿ ಓಡುವಂಥ ಲಿನಕ್ಸ್ ವ್ಯವಸ್ಥೆಯೇ ಓಡುವ ಫೋನ್. ಮೊದಲ ಬೆಲೆ 149 ಡಾಲರ್. ಆಲ್‌ವಿನ್ನರ್ ಎ64 ಚಿಪ್, 2 ಜಿಬಿ ರ‍್ಯಾಮ್, 16 ಜಿಬಿ ಒಳ ಸಂಗ್ರಹ. ದಿನನಿತ್ಯದ ಫೋನ್ ಆಗಿ ನಿಧಾನ. ಆದರೆ ಮೂರು ಗುಣಗಳಿಗಾಗಿ ಅದು ನೆನಪಾಯಿತು. ಹಿಂದಿನ ಮುಚ್ಚಳ ತೆಗೆದರೆ ಸಣ್ಣ ಸಣ್ಣ ಸ್ವಿಚ್ಚುಗಳಿವೆ. ಮೋಡೆಮ್, ವೈಫೈ, ಮೈಕ್, ಕ್ಯಾಮೆರಾ ಎಲ್ಲವನ್ನೂ ಬೆರಳ ತುದಿಯಲ್ಲಿ ಕಡಿದುಹಾಕಬಹುದು. ಮೈಕ್ರೋ ಎಸ್‌ಡಿ ಕಾರ್ಡಿಗೆ ಜಾಗ ಇದೆ. ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲಿ ‘ಯುಎಸ್‌ಬಿ ಗ್ಯಾಜೆಟ್’ ಅನ್ನುವ ವ್ಯವಸ್ಥೆ ಇದೆ. ಅದರಿಂದ ಫೋನನ್ನು ಕಂಪ್ಯೂಟರಿನ ಕಣ್ಣಿಗೆ ಅಚ್ಚುಕಟ್ಟಾದ ಪೆನ್‌ಡ್ರೈವ್ ಆಗಿ ತೋರಿಸಬಹುದು. ಇಂಥ ಫೋನುಗಳಿಗಾಗಿ ಮಾಡಿದ ಜಂಪ್‌ಡ್ರೈವ್ ಅನ್ನುವ ಪುಟ್ಟ ತಂತ್ರಾಂಶ ಮಾಡುವುದು ಅದನ್ನೇ. ಕಾರ್ಡಿನಲ್ಲಿ ಹಾಕಿ ಫೋನ್ ಆನ್ ಮಾಡಿದರೆ ಒಳಗಿನ ಸಂಗ್ರಹ ಕಂಪ್ಯೂಟರಿನಲ್ಲಿ ಡ್ರೈವ್ ಆಗಿ ಕಾಣುತ್ತದೆ. ಫೋನಿಗೆ ಹೊಸ ವ್ಯವಸ್ಥೆ ಹಾಕುವಾಗ ನಾನು ಅದನ್ನು ಬಳಸಿದ್ದೆ. ಇದನ್ನೇ ದಿನದ ಕೆಲಸಕ್ಕೆ ಯಾಕೆ ಬಳಸಬಾರದು ಅನ್ನಿಸಿತು.

ಫೋನಿಗೆ ಪೋಸ್ಟ್‌ಮಾರ್ಕೆಟ್‌ಓಎಸ್ ಅನ್ನುವ ಲಿನಕ್ಸ್ ವ್ಯವಸ್ಥೆ ಹಾಕಿದೆ. ಅದು ಆಲ್ಪೈನ್ ಲಿನಕ್ಸ್ ಮೇಲೆ ಕಟ್ಟಿದ್ದು, ಹಾಕುವಾಗಲೇ ಇಡೀ ಸಂಗ್ರಹವನ್ನು ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಕೊಡುತ್ತದೆ. 128 ಜಿಬಿ ಕಾರ್ಡ್ ತಂದು ನನ್ನ ಲ್ಯಾಪ್‌ಟಾಪಿನಲ್ಲಿ ಲಕ್ಸ್2 ಬೀಗ ಹಾಕಿದೆ. ಲಿನಕ್ಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ರೂಢಿಯ ವಿಧಾನ ಅದು. ಬೀಗದ ವಿವರ ಇರುವ ಮೊದಲ ಭಾಗದ, ಅಂದರೆ ಹೆಡರ್‌ನ, ಪ್ರತಿಯನ್ನು ಕಚೇರಿಯಲ್ಲಿ ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟೆ. ಐದು ನಿಮಿಷದ ಕೆಲಸ. ಅದು ಎಷ್ಟು ಬೇಗ ಉಪಯೋಗಕ್ಕೆ ಬರುತ್ತದೆ ಅಂತ ಆಗ ತಿಳಿದಿರಲಿಲ್ಲ.

ಮೊದಲ ಏರ್ಪಾಟು, ಒಂಬತ್ತನೇ ದಿನ

ಮೊದಲ ಏರ್ಪಾಟು ತೀರಾ ನೇರ. ಫೋನ್ ಆನ್ ಆದ ಕೂಡಲೇ ಎನ್‌ಕ್ರಿಪ್ಟ್ ಆದ ಕಾರ್ಡನ್ನು ಹಾಗೇ ಯುಎಸ್‌ಬಿ ಮೂಲಕ ತೋರಿಸುತ್ತದೆ. ಕಚೇರಿಯ ಲಿನಕ್ಸ್ ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳುತ್ತದೆ, ತೆರೆಯುತ್ತದೆ. ಕಚೇರಿಯಲ್ಲಿ ಚೆನ್ನಾಗಿ ನಡೆಯಿತು. ಹೊರಗಿನ ಕಂಪ್ಯೂಟರಿಗೆ ಕೊಡಬೇಕಾದ ಕಾಗದವನ್ನು ಬೇರೆ ಖಾಲಿ ಪೆನ್‌ಡ್ರೈವ್‌ನಲ್ಲಿ ಹಾಕಿ ಒಯ್ಯುವುದು ಅಂತ ಮಾತಾಯಿತು.

ಒಂಬತ್ತನೇ ದಿನ ಅಕ್ಕ ಒಂದು ಕಚೇರಿಯಲ್ಲಿ ಕಾಯುತ್ತಿದ್ದರು. ಫೋನಿನ ಚಾರ್ಜ್ ಕಡಿಮೆಯಾಗಿತ್ತು. ‘ಸ್ವಲ್ಪ ಚಾರ್ಜಿಗೆ ಹಾಕ್ತೀರಾ?’ ಅಂತ ಅಲ್ಲಿನ ಆಪರೇಟರ್ ಕೈಗೆ ಕೊಟ್ಟರು. ಅವರು ತಮ್ಮ ಕಂಪ್ಯೂಟರಿಗೇ ಸಿಕ್ಕಿಸಿದರು. ವಿಂಡೋಸ್‌ಗೆ ಲಕ್ಸ್ ಗೊತ್ತಿಲ್ಲ. ಅದರ ಕಣ್ಣಿಗೆ ಅದು ಅರ್ಥವಿಲ್ಲದ ಡಿಸ್ಕ್. ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ ಕೇಳಿತು. ಡಿಸ್ಕ್ ಕೆಟ್ಟಿರಬೇಕು, ಸರಿ ಮಾಡಿಕೊಡೋಣ ಅಂತ ಆ ಪುಣ್ಯಾತ್ಮ ಹೌದು ಒತ್ತಿದರು. ಕೆಲವೇ ಸೆಕೆಂಡು.

ಸಂಜೆ ಲ್ಯಾಪ್‌ಟಾಪ್ ಪಾಸ್‌ವರ್ಡನ್ನೇ ಕೇಳಲಿಲ್ಲ. ‘ಖಾಲಿ ಡಿಸ್ಕ್’ ಅಂತ ತೋರಿಸಿತು.

ಲಕ್ಸ್2 ತನ್ನ ಬೀಗದ ವಿವರವನ್ನೆಲ್ಲ ಡಿಸ್ಕಿನ ಮೊದಲ 16 ಎಂಬಿಯಲ್ಲಿ ಇಟ್ಟುಕೊಳ್ಳುತ್ತದೆ. ನಿಮ್ಮ ಪಾಸ್‌ವರ್ಡ್ ನೇರವಾಗಿ ಕಡತಗಳನ್ನು ಬಿಚ್ಚುವುದಿಲ್ಲ. ಅದು ಆ ಜಾಗದಲ್ಲಿರುವ ಮೂಲ ಕೀಲಿಯನ್ನು ಬಿಚ್ಚುತ್ತದೆ, ಆ ಕೀಲಿ ಕಡತಗಳನ್ನು ಬಿಚ್ಚುತ್ತದೆ. ಹೆಡರ್ ಅಳಿಸಿದರೆ ಪಾಸ್‌ವರ್ಡ್ ನೆನಪಿದ್ದೂ ಉಪಯೋಗ ಇಲ್ಲ. ತೆಗೆದಿಟ್ಟ ಪ್ರತಿಯನ್ನು ವಾಪಸ್ ಹಾಕಿದೆ. ಪಾಸ್‌ವರ್ಡ್ ಕೇಳಿತು, ತೆರೆಯಿತು. ಡಿಸ್ಕ್ ಪರೀಕ್ಷೆ ಓಡಿಸಿದಾಗ ಮೂರು ಧ್ವನಿಮುದ್ರಣ ಹಾಳಾಗಿದ್ದು ಕಂಡಿತು. ಕಚೇರಿಯ ಪ್ರತಿಯಿಂದ ಅವನ್ನು ತುಂಬಿಕೊಂಡೆವು. ಹೆಡರ್ ಪ್ರತಿ ಇಲ್ಲದಿದ್ದರೆ ಕಾರ್ಡ್ ಪೂರ್ತಿ ಹೋಗುತ್ತಿತ್ತು.

ತಪ್ಪು ಆ ಆಪರೇಟರದ್ದಲ್ಲ. ಆನ್ ಆದ ಕೂಡಲೇ ತಾನಾಗಿ ಡಿಸ್ಕ್ ತೋರಿಸುವ ಹಾಗೆ ಮಾಡಿದ್ದು ನಾನು. ಜನ ಫೋನನ್ನು ಸಿಕ್ಕಿಸುವುದು ಜಾಸ್ತಿ ಚಾರ್ಜಿಗೆ. ಆ ಸಾಮಾನ್ಯ ಸಂಗತಿ ನನ್ನ ಲೆಕ್ಕದಲ್ಲಿ ಇರಲಿಲ್ಲ.

ಎರಡನೆಯದು: ಫೋನೇ ತೆರೆಯಲಿ

ಹಾಗಾದರೆ ಬೀಗವನ್ನು ಫೋನೇ ತೆರೆಯಲಿ, ತೆರೆದ ಡಿಸ್ಕನ್ನು ಕಂಪ್ಯೂಟರಿಗೆ ತೋರಿಸಲಿ ಅಂದುಕೊಂಡೆವು. ಪಾಸ್‌ವರ್ಡ್ ಒತ್ತುವುದು ಫೋನಿನ ಪರದೆಯ ಮೇಲೆ. ಕಂಪ್ಯೂಟರಿನಲ್ಲಿ ಎಂಥ ಕಳ್ಳ ತಂತ್ರಾಂಶ ಇದ್ದರೂ ಪಾಸ್‌ವರ್ಡ್ ಅದಕ್ಕೆ ಸಿಗುವುದಿಲ್ಲ. ವಿಂಡೋಸ್‌ಗೂ ಮಾಮೂಲಿ ಡಿಸ್ಕ್ ಕಾಣುತ್ತದೆ.

ಫೋನಿನಲ್ಲಿ ಪಾಸ್‌ವರ್ಡ್ ಒತ್ತಿದೆವು. ಪರದೆ ಸ್ತಬ್ಧವಾಯಿತು. ಸ್ವಲ್ಪ ಹೊತ್ತಿಗೆ ತೆರೆಯುವ ಕೆಲಸವೇ ಸತ್ತುಹೋಯಿತು. ಎರಡು ದಿನ ಕಾರಣ ಸಿಗಲಿಲ್ಲ. ಕೊನೆಗೆ ಸಿಕ್ಕಿತು: ಕಾರ್ಡಿಗೆ ಬೀಗ ಹಾಕಿದ್ದು ನನ್ನ 16 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿನಲ್ಲಿ. ಲಕ್ಸ್2 ಪಾಸ್‌ವರ್ಡನ್ನು ಅರೆದು ಕೀಲಿಯಾಗಿಸಲು ಆರ್ಗಾನ್2 ಅನ್ನುವ ವಿಧಾನ ಬಳಸುತ್ತದೆ. ಊಹಿಸಿ ಒಡೆಯುವವರಿಗೆ ಕಷ್ಟವಾಗಲಿ ಅಂತ ಅದು ಬೇಕೆಂದೇ ಬಹಳ ಮೆಮೊರಿ ತಿನ್ನುತ್ತದೆ. ಎಷ್ಟು ಅಂತ ತೀರ್ಮಾನವಾಗುವುದು ಬೀಗ ಹಾಕಿದ ಯಂತ್ರದ ಶಕ್ತಿ ನೋಡಿ. ನನ್ನ ಲ್ಯಾಪ್‌ಟಾಪ್ 1 ಜಿಬಿ ಅಂತ ಬರೆದಿಟ್ಟಿತ್ತು. ಒಟ್ಟು 2 ಜಿಬಿಯ ಫೋನ್, ಅದರ ಮೇಲೆ ಪರದೆ, ಉಳಿದ ಕೆಲಸಗಳು. ಎಲ್ಲಿಂದ ತಂದೀತು? ಲಕ್ಸ್ ಬೀಗವನ್ನು ನಿಭಾಯಿಸುವ ಕ್ರಿಪ್ಟ್‌ಸೆಟಪ್ ತಂತ್ರಾಂಶದಲ್ಲಿ ಕೀಲಿಯನ್ನು ಮತ್ತೆ ಅರೆಸುವ ಆಜ್ಞೆ ಇದೆ. 256 ಎಂಬಿಗೆ ಇಳಿಸಿದೆ. ಫೋನ್ ಕೆಲವು ಸೆಕೆಂಡಿನಲ್ಲಿ ತೆರೆಯತೊಡಗಿತು. ಬೀಗವನ್ನು ಅದು ತೆರೆಯಬೇಕಾದ ಯಂತ್ರದಲ್ಲೇ ಹಾಕಿದ್ದರೆ ಈ ತಂಟೆಯೇ ಇರುತ್ತಿರಲಿಲ್ಲ. ಕಡತಗಳಿಗೆ ಬೀಗ ಹಾಕುವ, ಬಿಚ್ಚುವ ಎಇಎಸ್ ಲೆಕ್ಕಕ್ಕೆ ಎ64 ಚಿಪ್‌ನಲ್ಲೇ ಸಹಾಯ ಇದೆ, ಹಾಗಾಗಿ ಓದುವ ಬರೆಯುವ ವೇಗಕ್ಕೆ ತೊಂದರೆ ಆಗಲಿಲ್ಲ. ಸೆಕೆಂಡಿಗೆ ಸುಮಾರು 20 ಎಂಬಿ ಬರುತ್ತಿತ್ತು. ನಮ್ಮ ಕೆಲಸಕ್ಕೆ ಧಾರಾಳ.

ಇದೇ ಹೊತ್ತಿಗೆ ಪಾಸ್‌ವರ್ಡಿನ ಕಥೆಯೂ ಒಂದು ನಡೆಯಿತು. ದಾಳ ಹಾಕಿ ಪದಗಳನ್ನು ಆರಿಸುವ ಪದ್ಧತಿ ನನಗೆ ಇಷ್ಟ. ಇಂಗ್ಲಿಷ್ ಪಟ್ಟಿಯ ಪದಗಳು ಅಕ್ಕನಿಗೆ ನೆನಪು ಉಳಿಯಲಿಲ್ಲ. ಅದಕ್ಕೆ ಕನ್ನಡದ್ದೇ 1,296 ಪದಗಳ ಪಟ್ಟಿ ಮಾಡಿದೆವು. ನಾಲ್ಕು ಸಲ ದಾಳ ಹಾಕಿದರೆ ಒಂದು ಪದ. ಆರು ಪದ ಸೇರಿದರೆ ಸುಮಾರು 62 ಬಿಟ್ ಬಲ, ಅಂದರೆ ಊಹಿಸುವವರ ಮುಂದೆ ಸುಮಾರು 2ರ 62ನೇ ಘಾತದಷ್ಟು ಸಾಧ್ಯತೆ. ಫೋನಿನ ಕೀಲಿಮಣೆಯಲ್ಲಿ ಒತ್ತಬೇಕಾದ್ದು ಮಾತ್ರ ಇಂಗ್ಲಿಷ್ ಅಕ್ಷರ. ಎರಡನೇ ವಾರವೇ ಅಕ್ಕ ಬೀಗ ತೆರೆಯಲಾಗದೆ ಹೊರಗೆ ಉಳಿದರು. ಪದ ಸರಿಯಾಗಿಯೇ ನೆನಪಿತ್ತು: ‘ಹೂವು’. ಅದಕ್ಕೆ ಎರಡು ‘ಓ’ ಹಾಕಿದ್ದರೋ, ಒಂದು ‘ಯು’ ಹಾಕಿದ್ದರೋ ಮರೆತಿತ್ತು. ಕನ್ನಡದವರಿಗೆ ಮಾತ್ರ ಬರುವ ಕಷ್ಟ ಇದು, ಅಲ್ವಾ? ದೀರ್ಘ ಸ್ವರ, ಒತ್ತಕ್ಷರ, ಳ, ಣ ಇರುವ ಪದಗಳನ್ನೆಲ್ಲ ತೆಗೆದೆವು. ಮರ, ಕದ, ಹಗಲು, ನರಿ, ಬೆರಗು ಇಂಥವು ಉಳಿದವು. ಖಾಲಿಯಾದ ಜಾಗಕ್ಕೆ ಅಕ್ಕ ಮತ್ತು ಅವರ ತಾಯಿ ಒಂದು ಭಾನುವಾರ ಪೂರ್ತಿ ಕೂತು ಹೊಸ ಪದ ಹುಡುಕಿಕೊಟ್ಟರು. ಆಮೇಲೆ ಒಂದು ಸಲವೂ ಈ ತೊಂದರೆ ಬರಲಿಲ್ಲ.

ಆದರೆ ಎರಡನೇ ಏರ್ಪಾಟೂ ಮುರಿಯಿತು. ಕಂಪ್ಯೂಟರಿನಲ್ಲಿ ಅಳಿಸಿದ ಕಡತ ಫೋನಿನಲ್ಲಿ ಹಾಗೇ ಕಾಣುತ್ತಿತ್ತು. ಫೋನಿನಲ್ಲಿ ಹಾಕಿದ ಕಡತ ಕಂಪ್ಯೂಟರಿನಲ್ಲಿ ಇರುತ್ತಿರಲಿಲ್ಲ. ಮೂರನೇ ದಿನ ಒಂದು ಫೋಲ್ಡರ್ ತುಂಬ ಅರ್ಥವಿಲ್ಲದ ಹೆಸರುಗಳು. ಫೋನಿನ ಕಡತ ನಿರ್ವಾಹಕ ಬೀಗ ತೆರೆದ ಕೂಡಲೇ ಡಿಸ್ಕನ್ನು ತಾನೂ ಜೋಡಿಸಿಕೊಳ್ಳುತ್ತಿತ್ತು. ಅತ್ತ ಕಂಪ್ಯೂಟರೂ ಜೋಡಿಸಿಕೊಂಡಿತ್ತು. ಒಂದೇ ಲೆಕ್ಕದ ಪುಸ್ತಕವನ್ನು ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ಹೇಳದೆ ತಿದ್ದಿದ ಹಾಗೆ. ಇಬ್ಬರೂ ಡಿಸ್ಕ್ ತಮ್ಮದೊಂದೇ ಅಂತ ನಂಬಿರುತ್ತಾರೆ. ಪೆನ್‌ಡ್ರೈವ್ ರೀತಿಯ ಡಿಸ್ಕನ್ನು ಒಂದು ಸಮಯಕ್ಕೆ ಒಂದೇ ಯಂತ್ರ ಜೋಡಿಸಿಕೊಳ್ಳಬೇಕು. ನನಗೆ ಇದು ಗೊತ್ತಿತ್ತು. ಆದರೂ ಫೋನಿನ ತಾನೇ ಜೋಡಿಸಿಕೊಳ್ಳುವ ಅಭ್ಯಾಸವನ್ನು ಮೊದಲೇ ನಿಲ್ಲಿಸಿರಲಿಲ್ಲ.

ಅಕ್ಕ ಕೇಳಿದ ಪ್ರಶ್ನೆ

ಹಾಳಾದ ಫೋಲ್ಡರ್ ಸರಿಪಡಿಸುತ್ತಾ ಕೂತಿದ್ದಾಗ ಅಕ್ಕ ಪಕ್ಕದಲ್ಲಿದ್ದರು. ಸುಮ್ನೆ ನೋಡುತ್ತಿದ್ದವರು ಕೇಳಿದರು: ‘ನಾನು ಕೊಡಬೇಕಾಗಿದ್ದು ಎರಡು ಪುಟ. ಇಡೀ ಕಪಾಟನ್ನೇ ಯಾಕೆ ಹೊತ್ತುಕೊಂಡು ಹೋಗಿ ಅವರ ಮುಂದೆ ಇಡಬೇಕು?’

ಅಲ್ಲಿಂದ ಎಲ್ಲವೂ ಬದಲಾಯಿತು. ಬೀಗ ಎಷ್ಟು ಗಟ್ಟಿ ಅನ್ನುವುದರಲ್ಲೇ ನಾನು ಮುಳುಗಿದ್ದೆ. ಬಾಗಿಲು ಎಷ್ಟು ತೆರೆಯಬೇಕು, ಯಾರ ಮುಂದೆ ತೆರೆಯಬೇಕು ಅನ್ನುವುದನ್ನು ಯೋಚಿಸಿಯೇ ಇರಲಿಲ್ಲ. ಎನ್‌ಕ್ರಿಪ್ಟ್ ಮಾಡಿದ್ದು ಕಳೆದುಹೋದಾಗ ಕಾಪಾಡುತ್ತದೆ. ತೆರೆದು ಬಳಸುತ್ತಿರುವಾಗ ಅದರಿಂದ ಏನೂ ರಕ್ಷಣೆ ಇಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಅಂದು ಬೀಗ ಹಾಕಿದ ಪೆನ್‌ಡ್ರೈವ್ ಇದ್ದಿದ್ದರೂ, ಪ್ರಿಂಟ್ ತೆಗೆಯುವ ಹೊತ್ತಿನಲ್ಲಿ ಆ ಹುಡುಗ ಬಯಸಿದರೆ ಎಲ್ಲವನ್ನೂ ನೋಡಬಹುದಿತ್ತು.

ಮೂರನೇ ಏರ್ಪಾಟು ಹೀಗಾಯಿತು. ಬೀಗ ಹಾಕಿದ ಕಾರ್ಡ್ ಫೋನಿನ ಹೊರಗೆ ಎಂದೂ ಕಾಣುವುದಿಲ್ಲ. ಅದರೊಳಗೆ 512 ಎಂಬಿಯ ಒಂದು ಇಮೇಜ್ ಕಡತ, ಅಂದರೆ ತಾನೇ ಒಂದು ಪುಟ್ಟ ಡಿಸ್ಕಿನ ಹಾಗೆ ಇರುವ ಕಡತ. ಮಾಮೂಲಿ ಪೆನ್‌ಡ್ರೈವ್‌ಗಳ ಫ್ಯಾಟ್32 ರೂಪದ್ದು. ನಾವು ಅದನ್ನು ‘ಕೊಡೋ ಡಬ್ಬಿ’ ಅನ್ನುತ್ತೇವೆ. ಪರದೆಯ ಮೇಲೆ ಮೂರು ಗುಂಡಿ: ತೆರೆ, ಕೊಡು, ಮುಚ್ಚು. ‘ಕೊಡು’ ಒತ್ತಿದರೆ ಯಾವ ಕಡತ ಅಂತ ಕೇಳುತ್ತದೆ. ಆರಿಸಿದ್ದನ್ನು ಮಾತ್ರ ಡಬ್ಬಿಗೆ ಹಾಕಿ, ಫೋನ್ ಡಬ್ಬಿಯಿಂದ ಕೈ ತೆಗೆದು, ಆಮೇಲೆ ಅದನ್ನು ಯುಎಸ್‌ಬಿಗೆ ಜೋಡಿಸುತ್ತದೆ. ಜೋಡಿಸುವಾಗ ‘ಓದಲು ಮಾತ್ರ’ ಅನ್ನುವ ಗುರುತು ಹಾಕಿರುತ್ತದೆ. ಗ್ಯಾಜೆಟ್ ವ್ಯವಸ್ಥೆಯಲ್ಲಿ ಅದಕ್ಕೆ ಒಂದು ಸಾಲು ಸಾಕು. ಕಂಪ್ಯೂಟರಿಗೆ ಕಾಣುವುದು ಎರಡು ಪುಟ ಇರುವ ಒಂದು ಸಣ್ಣ ಪೆನ್‌ಡ್ರೈವ್. ಅದರಲ್ಲಿ ಬರೆಯಲು ಬರುವುದಿಲ್ಲ, ಹಾಗಾಗಿ ವೈರಸ್ ಅಂಟಿಕೊಳ್ಳುವುದಿಲ್ಲ, ಫಾರ್ಮ್ಯಾಟ್ ಆಗುವುದಿಲ್ಲ. ಗುಂಡಿ ಒತ್ತದೆ ಏನೂ ಕಾಣುವುದಿಲ್ಲ, ಚಾರ್ಜ್ ಮಾತ್ರ ಆಗುತ್ತದೆ. ಇಡೀ ಏರ್ಪಾಟು ಸುಮಾರು 60 ಸಾಲಿನ ಶೆಲ್ ಸ್ಕ್ರಿಪ್ಟ್, ಅಂದರೆ ಒಂದಾದ ಮೇಲೊಂದು ಓಡುವ ಆಜ್ಞೆಗಳ ಪಟ್ಟಿ.

ಅದೇ ಪ್ರಶ್ನೆ ಇನ್ನೊಂದು ಕಡೆಗೂ ಹೋಯಿತು. ಫೋನಿನಲ್ಲಾದರೂ 40 ಜಿಬಿ ಯಾಕೆ? ಪೂರ್ತಿ ಸಂಗ್ರಹ ಕಚೇರಿಯಲ್ಲಿ ಉಳಿಯಿತು. ಆ ವಾರ ಬೇಕಾದ ಹೆಣ್ಣುಮಕ್ಕಳ ಕಡತ ಮಾತ್ರ ಸೋಮವಾರ ಫೋನಿಗೆ, ಶನಿವಾರ ವಾಪಸ್.

ಒಂದು ಅಭ್ಯಾಸಕ್ಕೆ ನಾನು ಬಹಳ ಹಟ ಹಿಡಿದೆ. ಕೆಲಸ ಮುಗಿದ ಮೇಲೆ ಫೋನ್ ಪೂರ್ತಿ ಆಫ್ ಆಗಬೇಕು. ಪರದೆ ಆರಿಸಿದರೆ, ಫೋನ್ ಮಲಗಿದರೆ ಸಾಲದು. ತೆರೆದ ಬೀಗದ ಕೀಲಿ ಆಗ ರ‍್ಯಾಮ್‌ನಲ್ಲೇ ಇರುತ್ತದೆ. ಅಕ್ಕ ಒಂದು ಚೀಟಿ ಬರೆದು ಫೋನಿನ ಬೆನ್ನಿಗೆ ಅಂಟಿಸಿಕೊಂಡರು: ‘ಆಫ್ ಮಾಡಿದ್ಯಾ?’

ಈ ಏರ್ಪಾಟು ಎಲ್ಲರಿಗೂ ಬೇಕು ಅಂತ ನಾನು ಹೇಳುವುದಿಲ್ಲ. ತಮ್ಮದೇ ಎರಡು ಲ್ಯಾಪ್‌ಟಾಪ್ ನಡುವೆ ಕಡತ ಸಾಗಿಸುವವರಿಗೆ ವೆರಾಕ್ರಿಪ್ಟ್ ಪೆನ್‌ಡ್ರೈವ್ ಸಾಕು. ಫೋನ್ ಶುರುವಾಗುವ ಬೂಟ್ ಭಾಗ ಎನ್‌ಕ್ರಿಪ್ಟ್ ಆಗಿರುವುದಿಲ್ಲ. ನುರಿತವರ ಕೈಗೆ ಫೋನ್ ಒಂದು ರಾತ್ರಿ ಸಿಕ್ಕಿ ಮತ್ತೆ ನಿಮ್ಮ ಕೈಗೆ ಬಂದರೆ ಅದನ್ನು ನಂಬಬಾರದು. ಪಾಸ್‌ವರ್ಡ್ ಹೇಳು ಅಂತ ಎದುರು ನಿಂತು ಹೆದರಿಸಿದರೆ ಯಾವ ಬೀಗವೂ ಕಾಯುವುದಿಲ್ಲ. ನಮ್ಮ ಭಯ ಬೇರೆ ಇತ್ತು: ಮರೆವು, ಕಳ್ಳತನ, ಒಳ್ಳೆಯ ಮನಸ್ಸಿನ ಕುತೂಹಲ, ಹೆಂಡತಿಯ ಸುಳಿವು ಹುಡುಕುತ್ತಿರುವ ಗಂಡಂದಿರು.

ಜಾತ್ರೆಯ ದಿನ

ಹತ್ತು ತಿಂಗಳು ಹಾಗೇ ನಡೆಯಿತು. ಒಂದು ಜಾತ್ರೆಯ ದಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಇಳಿದು ನೋಡಿದರೆ ಅಕ್ಕನ ಬ್ಯಾಗಿನ ತಳ ಬ್ಲೇಡಿನಿಂದ ಕೊಯ್ದಿತ್ತು. ಪರ್ಸ್ ಹೋಗಿತ್ತು. ಫೋನೂ ಹೋಗಿತ್ತು. ಆ ವಾರ ಅದರಲ್ಲಿ ಹನ್ನೊಂದು ಜನರ ಕಡತ ಇದ್ದವು.

ಕಚೇರಿಯಲ್ಲಿ ಎಲ್ಲರೂ ಸೇರಿದೆವು. ನಾನು ಕೇಳಿದ್ದು ಒಂದೇ. ಅಕ್ಕ ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. ಮೂರು ಗಂಟೆಗೆ ವಕೀಲರ ಹತ್ತಿರ ‘ಕೊಡು’ ಒತ್ತಿದ್ದು, ಆಮೇಲೆ ‘ಮುಚ್ಚು’, ಆಮೇಲೆ ಮೆಟ್ಟಿಲು ಇಳಿಯುತ್ತಾ ಪವರ್ ಗುಂಡಿ ಹಿಡಿದದ್ದು, ಪರದೆ ಕಪ್ಪಾದದ್ದು, ಚೀಟಿ ಬೆರಳಿಗೆ ತಾಗಿದ್ದು. ಆಫ್ ಆಗಿತ್ತು. ಸಿಮ್ ಇರಲಿಲ್ಲ, ಮೋಡೆಮ್ ಸ್ವಿಚ್ ಮೊದಲಿಂದಲೂ ಕೆಳಗಿತ್ತು. ಕದ್ದವರ ಕೈಯಲ್ಲಿ ಪಾಸ್‌ವರ್ಡ್ ಕೇಳುವ ಒಂದು ಹಳೆ ಫೋನ್, ಅರ್ಥವಿಲ್ಲದ ಒಂದು ಕಾರ್ಡ್.

ಪೊಲೀಸ್ ದೂರು ಕೊಟ್ಟೆವು. ಶನಿವಾರದ ಬದಲು ಅಂದೇ ಕಚೇರಿಯ ಪ್ರತಿಯಿಂದ ಕೆಲಸ ಮುಂದುವರಿಯಿತು. ಎರಡು ದಿನದ ಟಿಪ್ಪಣಿ ಮಾತ್ರ ಮತ್ತೆ ಬರೆಯಬೇಕಾಯಿತು. ಈಗ ಅಕ್ಕನ ಕೈಯಲ್ಲಿ ಸೆಕೆಂಡ್ ಹ್ಯಾಂಡ್ ಪೋಕೋ ಎಫ್1 ಇದೆ. ಅದರಲ್ಲೂ ಪೋಸ್ಟ್‌ಮಾರ್ಕೆಟ್‌ಓಎಸ್ ಓಡುತ್ತದೆ, ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುತ್ತದೆ, ಎಸ್‌ಡಿ ಕಾರ್ಡಿಗೂ ಜಾಗ ಇದೆ. ಕಡಿದುಹಾಕುವ ಸ್ವಿಚ್ಚುಗಳು ಇಲ್ಲ. ಅದು ನನಗೆ ಸಮಾಧಾನ ಇಲ್ಲದ ವಿಷಯ, ಆದರೆ ಪರದೇಶದಿಂದ ಇನ್ನೊಂದು ತರಿಸುವವರೆಗೆ ಕೆಲಸ ನಿಲ್ಲಿಸಲು ಆಗುವುದಿಲ್ಲ. ಈ ಸಲ ಕಾರ್ಡಿಗೆ ಬೀಗವನ್ನು ಫೋನಿನಲ್ಲೇ ಹಾಕಿದೆವು.

ಒಂದು ವಿಷಯಕ್ಕೆ ಕಚೇರಿಯಲ್ಲಿ ವಾದ ಆಯಿತು. ಕಡತ ಯಾರಿಗೂ ಸಿಗುವುದಿಲ್ಲ ಅಂತಾದ ಮೇಲೆ ಆ ಹನ್ನೊಂದು ಜನಕ್ಕೆ ಹೇಳಿ ಯಾಕೆ ಹೆದರಿಸಬೇಕು ಅಂತ ಇಬ್ಬರು ಅಂದರು. ಅವರ ಮಾತು, ಅವರ ಫೋಟೋ, ಅವರಿಗೆ ಗೊತ್ತಿರಲೇಬೇಕು ಅಂತ ಅಕ್ಕ ಅಂದರು. ಕೊನೆಗೆ ಹನ್ನೊಂದು ಜನಕ್ಕೂ ಅಕ್ಕನೇ ಫೋನ್ ಮಾಡಿದರು, ಒಬ್ಬೊಬ್ಬರಿಗೂ ಸುರಕ್ಷಿತವಾದ ಹೊತ್ತು ನೋಡಿ. ಅವರಲ್ಲಿ ಒಬ್ಬಳು ಝೆರಾಕ್ಸ್ ಅಂಗಡಿಯ ಓಣಿಯವಳು. ಬೇರೆ ಊರಿಗೆ ಬಂದು ಹೊಲಿಗೆ ಕಲಿಯುತ್ತಿದ್ದಾಳೆ. ಅಕ್ಕ ಫೋನಿನಲ್ಲಿ ಕಡತ ಹಾಕಿಕೊಳ್ಳುವುದನ್ನು, ‘ಮುಚ್ಚು’ ಒತ್ತುವುದನ್ನು ಅವಳು ಎಷ್ಟೋ ಸಲ ಎದುರು ಕೂತು ನೋಡಿದ್ದಳು.

ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಇಷ್ಟೇ: ‘ಆಫ್ ಮಾಡಿದ್ರೇನಕ್ಕ?’

‘ಮಾಡಿದ್ದೆ’ ಅಂದರು ಅಕ್ಕ.